ಅಪ್ಪನಿಗೆ ಹೆಸರಿರುವ ಯೂನಿವರ್ಸಿಟಿಯೇ ಬೇಕು, ನನಗೆ ಜಿಯಾಲಜಿ ಚೆನ್ನಾಗಿ ಕಲಿಸುವ ಕಡೆ ಹೋಗಬೇಕು. ಹೇಗೆ ತೀರ್ಮಾನಿಸಲಿ?

ನೀಲಿಶಾಯಿ:

ಎಲ್ಲರಿಗೂ ನಮಸ್ಕಾರ. ಜಿಯಾಲಜಿ ಪದವಿಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು ಹಳೆಯ, ದೊಡ್ಡ ಹೆಸರಿನ ಯೂನಿವರ್ಸಿಟಿ. ಜಾಗತಿಕ ರ್ಯಾಂಕಿಂಗ್‌ಗಳಲ್ಲಿ ಯಾವಾಗಲೂ ಮೇಲೆಯೇ ಇರುತ್ತದೆ, ಹೆಸರು ಹೇಳಿದರೆ ಬೇರೆ ವಿವರಣೆಯೇ ಬೇಕಾಗಿಲ್ಲ. ಇನ್ನೊಂದು ಚಿಕ್ಕದು. ಈ ವಿಷಯ ಓದಿದವರನ್ನು ಬಿಟ್ಟರೆ ಉಳಿದವರಿಗೆ ಅದರ ಹೆಸರು ಗೊತ್ತಿಲ್ಲ. ಆದರೆ ಅಲ್ಲಿ ಮೊದಲ ವರ್ಷದಿಂದಲೇ ಫೀಲ್ಡಿಗೆ ಕರೆದುಕೊಂಡು ಹೋಗುತ್ತಾರೆ. ಕೊನೆಯ ವರ್ಷ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪ್ರದೇಶದ ಭೂವಿಜ್ಞಾನ ನಕ್ಷೆಯನ್ನು ತಾನೇ ತಯಾರಿಸಬೇಕು. ಸಿಲಬಸ್ಸಿನಲ್ಲಿ ಅದನ್ನು ಓದಿದ ದಿನದಿಂದ ನನ್ನ ಮನಸ್ಸು ಅಲ್ಲೇ ಇದೆ.

ಅಪ್ಪನ ಮಾತು ಒಂದೇ: "ಇಂಥ ಕಡೆ ಸೀಟು ಸಿಕ್ಕಿದ ಮೇಲೆ ಬೇಡ ಅನ್ನುವವರು ಯಾರಾದರೂ ಇದ್ದಾರಾ?" ನಾನು ಏನೇ ಹೇಳಿದರೂ ಮೊಬೈಲ್ ತೆಗೆದು ರ್ಯಾಂಕಿಂಗ್ ಪಟ್ಟಿ ತೋರಿಸುತ್ತಾರೆ. ಅದಕ್ಕೆ ಏನು ಉತ್ತರ ಕೊಡಬೇಕೋ ನನಗೆ ತಿಳಿಯುವುದಿಲ್ಲ. ಅಪ್ಪ ನನ್ನ ಓದಿಗೆ ಯಾವತ್ತೂ ಅಡ್ಡ ಬಂದವರಲ್ಲ. ಜಿಯಾಲಜಿ ತೆಗೆದುಕೊಳ್ಳುತ್ತೇನೆ ಅಂದಾಗ ನಮ್ಮ ಕಡೆಯವರೆಲ್ಲ ಮೂಗು ಮುರಿದರೂ ಅವರು ನನ್ನ ಪರವಾಗಿಯೇ ನಿಂತಿದ್ದರು. ಆದ್ದರಿಂದ ಅವರ ಮನಸ್ಸು ಮುರಿದು ಹೋಗುವುದು ನನಗೆ ಇಷ್ಟವಿಲ್ಲ. ಖರ್ಚು ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಹಾಗಾಗಿ ದುಡ್ಡಿನ ಪ್ರಶ್ನೆ ಇಲ್ಲ. ಒಪ್ಪಿಗೆ ತಿಳಿಸಲು ಇನ್ನು ಸ್ವಲ್ಪವೇ ಸಮಯ ಇದೆ. ಈ ದಾರಿಯಲ್ಲಿ ಹೋದವರು ದಯವಿಟ್ಟು ಹೇಳಿ.

ಮೂರನೇಬೆಂಚು:

ನಾನು ಹೆಸರಿರುವ ಕಡೆಯೇ ಓದಿದವನು, ವಿಷಯ ಬೇರೆ. ನಿಮ್ಮ ಅಪ್ಪನ ಪರವಾಗಿ ಒಂದೆರಡು ಮಾತು.

ಕೆಲಸಕ್ಕೆ ಅರ್ಜಿ ಹಾಕಿದಾಗ ನನ್ನ ಯೂನಿವರ್ಸಿಟಿ ಯಾವುದು, ಎಲ್ಲಿದೆ, ಹೇಗಿದೆ ಎಂದು ಯಾರಿಗೂ ವಿವರಿಸಬೇಕಾಗಿ ಬಂದಿಲ್ಲ. ಪರಿಚಯವೇ ಇಲ್ಲದ ಊರಿಗೆ ಹೋದಾಗಲೂ ಅಲ್ಲಿ ನಮ್ಮ ಹಳೆಯ ವಿದ್ಯಾರ್ಥಿಗಳು ಇದ್ದರು. ಒಂದು ಮೆಸೇಜ್ ಹಾಕಿದರೆ ಉತ್ತರ ಬರುತ್ತಿತ್ತು. ನಮ್ಮ ಮನೆಯಲ್ಲಿ ಓದಿ ದೊಡ್ಡ ಹುದ್ದೆಗೆ ಹೋದವರು ನನಗಿಂತ ಮುಂಚೆ ಯಾರೂ ಇರಲಿಲ್ಲ. ಆ ಕೊರತೆಯನ್ನು ತುಂಬಿಕೊಟ್ಟಿದ್ದು ಆ ಹೆಸರು.

ಇನ್ನೊಂದು ವಿಷಯ ಯೋಚಿಸಿ. ಎರಡನೇ ವರ್ಷದಲ್ಲಿ ಜಿಯಾಲಜಿ ನನಗಲ್ಲ ಅನ್ನಿಸಿದರೆ? ನನ್ನ ಜೊತೆಗಿದ್ದವರಲ್ಲಿ ವಿಷಯ ಬದಲಾಯಿಸಿಕೊಂಡವರು ಇದ್ದರು. ದೊಡ್ಡ ಕಡೆ ಬೇರೆ ವಿಭಾಗಗಳೂ ಗಟ್ಟಿಯಾಗಿರುತ್ತವೆ. ಒಂದೇ ವಿಭಾಗವನ್ನು ನಂಬಿಕೊಂಡು ಚಿಕ್ಕ ಕಡೆ ಹೋದರೆ ಆ ಅವಕಾಶ ಇರುವುದಿಲ್ಲ.

ಕಲ್ಲುಸುತ್ತಿಗೆ:

ನೀಲಿಶಾಯಿ, ನಾನು ಜಿಯಾಲಜಿ ಕಲಿಸುವವಳು. ದೊಡ್ಡ ಹೆಸರಿನ ಕಡೆಯೂ ಪಾಠ ಮಾಡಿದ್ದೇನೆ, ಹೆಸರಿಲ್ಲದ ಕಡೆಯೂ ಮಾಡಿದ್ದೇನೆ. ನನ್ನ ವಿದ್ಯಾರ್ಥಿಗಳ ವಯಸ್ಸಿನವಳು ನೀನು, ಅದಕ್ಕೆ ಏಕವಚನದಲ್ಲೇ ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ, ಸಮಾಧಾನವಾಗಿ ಓದು.

ಅಪ್ಪ ತೋರಿಸುವ ಪಟ್ಟಿಯಿಂದ ಶುರು ಮಾಡೋಣ, ಯಾಕೆಂದರೆ ನೀನು ಬಾಯಿ ಕಟ್ಟಿ ನಿಲ್ಲುವುದು ಅಲ್ಲೇ. ಆ ಪಟ್ಟಿಗಳಲ್ಲಿ ಏನನ್ನು ಅಳೆದಿದ್ದಾರೆ ಎಂದು ಇಬ್ಬರೂ ಕೂತು ಓದಿ. 2003ರಲ್ಲಿ ಶುರುವಾದ ಶಾಂಘೈ ರ್ಯಾಂಕಿಂಗ್ ನೋಡು. ಅದರಲ್ಲಿ ಶೇ. 30 ಅಂಕ ನೊಬೆಲ್ ಮತ್ತು ಫೀಲ್ಡ್ಸ್ (ಗಣಿತದ ದೊಡ್ಡ ಪ್ರಶಸ್ತಿ) ಪದಕಗಳಿಗೆ: ಹಳೆಯ ವಿದ್ಯಾರ್ಥಿಗಳು ಗೆದ್ದದ್ದಕ್ಕೆ 10, ಅಧ್ಯಾಪಕರು ಗೆದ್ದದ್ದಕ್ಕೆ 20. ಇನ್ನು ಶೇ. 20 ನೇಚರ್ ಮತ್ತು ಸೈನ್ಸ್ ಪತ್ರಿಕೆಗಳಲ್ಲಿ ಬಂದ ಲೇಖನಗಳಿಗೆ, ಶೇ. 20 ಅತಿ ಹೆಚ್ಚು ಉಲ್ಲೇಖಗೊಂಡ ಸಂಶೋಧಕರಿಗೆ, ಶೇ. 20 ಒಟ್ಟು ಪ್ರಕಟಣೆಗಳಿಗೆ. ಉಳಿದ ಶೇ. 10 ಇದೇ ಲೆಕ್ಕವನ್ನು ಅಧ್ಯಾಪಕರ ಸಂಖ್ಯೆಯಿಂದ ಭಾಗಿಸಿದ್ದು. ಮೊದಲ ವರ್ಷದ ಹುಡುಗಿಗೆ ಪಾಠ ಮಾಡುವವರು ಯಾರು, ಎಷ್ಟು ಜನರ ತರಗತಿ, ಅರ್ಥವಾಗದಿದ್ದರೆ ಕೇಳಲು ಯಾರಿದ್ದಾರೆ ಎನ್ನುವುದಕ್ಕೆ ಅಲ್ಲಿ ಜಾಗವೇ ಇಲ್ಲ. ಸಂಶೋಧನೆಯ ಎತ್ತರ ತಿಳಿಯಲು ಅದು ಒಳ್ಳೆಯ ಪಟ್ಟಿಯೇ. ಆದರೆ ಆ ಪದಕ ಗೆದ್ದವರು ನಿನ್ನ ತರಗತಿಗೆ ಬರುತ್ತಾರೆಯೇ ಎಂದು ಅದು ಹೇಳುವುದಿಲ್ಲ.

ಕ್ಯೂಎಸ್ ಪಟ್ಟಿಯದು ಇನ್ನೊಂದು ರೀತಿ. ಅದರಲ್ಲಿ ಬಹುಕಾಲ ಶೇ. 40 ಅಂಕ ಇದ್ದದ್ದು "ಯಾವ ಯೂನಿವರ್ಸಿಟಿಗಳು ಚೆನ್ನಾಗಿವೆ" ಎಂದು ಪ್ರಪಂಚದ ಪ್ರಾಧ್ಯಾಪಕರನ್ನು ಕೇಳಿ ಪಡೆದ ಅಭಿಪ್ರಾಯಕ್ಕೆ. 2024ರ ಆವೃತ್ತಿಯಲ್ಲಿ ಅದನ್ನು 30ಕ್ಕೆ ಇಳಿಸಿದರು. ಕೆಲಸ ಕೊಡುವವರ ಅಭಿಪ್ರಾಯವನ್ನು 10ರಿಂದ 15ಕ್ಕೆ ಏರಿಸಿದರು. ವಿದ್ಯಾರ್ಥಿಗಳಿಗೆ ತಕ್ಕಷ್ಟು ಅಧ್ಯಾಪಕರಿದ್ದಾರೆಯೇ ಎಂಬುದಕ್ಕೆ ಇದ್ದ 20 ಅಂಕವನ್ನು 10 ಮಾಡಿದರು. ಅಂದರೆ ಹೆಸರಿದೆಯೇ ಎಂದು ಕೇಳಿ, ಇದೆ ಎಂದವರ ಮಾತಿನಿಂದ ರ್ಯಾಂಕ್ ಕೊಟ್ಟು, ಆ ರ್ಯಾಂಕಿನಿಂದ ಮತ್ತೆ ಹೆಸರು ಬೆಳೆಯುತ್ತದೆ. ಒಂದು ತರಗತಿಯಲ್ಲೂ ಏನೂ ಬದಲಾಗದೆ ಸ್ಥಾನ ಮಾತ್ರ ಬದಲಾಗಬಹುದು.

ಅಮೆರಿಕದ ಕೊಲಂಬಿಯಾ ಯೂನಿವರ್ಸಿಟಿಯ ಪ್ರಕರಣವನ್ನೂ ಅಪ್ಪನಿಗೆ ಹೇಳು. ಅಲ್ಲಿಯ ಒಂದು ಪ್ರಸಿದ್ಧ ಪಟ್ಟಿಯಲ್ಲಿ ಅದು ಎರಡನೇ ಸ್ಥಾನದಲ್ಲಿತ್ತು. 2022ರ ಆರಂಭದಲ್ಲಿ ಅಲ್ಲಿನದೇ ಗಣಿತ ಪ್ರಾಧ್ಯಾಪಕ ಮೈಕೆಲ್ ಥ್ಯಾಡಿಯಸ್, ತರಗತಿಯ ಗಾತ್ರ ಮುಂತಾದ ಅಂಕಿಅಂಶಗಳು ಸರಿಯಿಲ್ಲ ಎಂದು ವಿವರವಾಗಿ ಬರೆದರು. ಯೂನಿವರ್ಸಿಟಿ ಮರುಪರಿಶೀಲನೆ ಮಾಡಿ ಕೆಲವು ಅಂಕಿಗಳು ತಪ್ಪೆಂದು ಒಪ್ಪಿಕೊಂಡಿತು. ಅದೇ ಸೆಪ್ಟೆಂಬರಿನಲ್ಲಿ ಅದರ ಸ್ಥಾನ 18ಕ್ಕೆ ಬಂತು. ಅಲ್ಲಿ ಓದುತ್ತಿದ್ದವರ ಪಾಠ ಎರಡನೇ ಸ್ಥಾನದಲ್ಲಿದ್ದಾಗ ಹೇಗಿತ್ತೋ ಹದಿನೆಂಟರಲ್ಲೂ ಹಾಗೇ ನಡೆದಿರುತ್ತದೆ.

ಈಗ ನಮ್ಮ ವಿಷಯಕ್ಕೆ ಬರುತ್ತೇನೆ. ಜಿಯಾಲಜಿಯನ್ನು ಕೈಯಿಂದ ಕಲಿಯಬೇಕು. ಕಲ್ಲನ್ನು ತೆಳುವಾಗಿ ಕತ್ತರಿಸಿ, ಗಾಜಿಗೆ ಅಂಟಿಸಿ, 0.03 ಮಿಲಿಮೀಟರ್ ದಪ್ಪಕ್ಕೆ ಬರುವವರೆಗೂ ಉಜ್ಜುತ್ತಾರೆ. ಅಷ್ಟು ತೆಳುವಾದಾಗ ಅದರೊಳಗಿಂದ ಬೆಳಕು ಹಾಯುತ್ತದೆ. ಅದನ್ನು ಧ್ರುವೀಕೃತ ಬೆಳಕಿನ ಮೈಕ್ರೋಸ್ಕೋಪಿನ ಕೆಳಗಿಟ್ಟು ತಟ್ಟೆಯನ್ನು ನಿಧಾನವಾಗಿ ತಿರುಗಿಸಿದರೆ, ಬರಿಗಣ್ಣಿಗೆ ಬೂದು ಬಣ್ಣದ ಕಲ್ಲಾಗಿ ಕಂಡದ್ದರೊಳಗೆ ಪ್ಲೇಜಿಯೋಕ್ಲೇಸ್ ಎಂಬ ಖನಿಜ ಕಪ್ಪು-ಬಿಳಿ ಪಟ್ಟೆಯಾಗಿ ಏಳುತ್ತದೆ, ಇನ್ನಷ್ಟು ತಿರುಗಿಸಿದರೆ ಬಿಳಿಯಿದ್ದದ್ದು ಕಪ್ಪಾಗುತ್ತದೆ, ಪಕ್ಕದ ಕ್ವಾರ್ಟ್ಜ್ ಪಟ್ಟೆಯಿಲ್ಲದೆ ಮಬ್ಬಾಗಿ ಆರಿ ಮತ್ತೆ ಬೆಳಗುತ್ತದೆ. ತಟ್ಟೆಯ ಮೇಲೆ ನಿನ್ನ ಕೈ ಇದ್ದರೆ ಮಾತ್ರ ಈ ವ್ಯತ್ಯಾಸ ತಲೆಯಲ್ಲಿ ಕೂರುತ್ತದೆ. ನಾನು ಪಾಠ ಮಾಡಿದ ಒಂದು ಹೆಸರಾಂತ ಕಡೆ ಪದವಿ ವಿದ್ಯಾರ್ಥಿಗಳು ಗುಂಪಾಗಿ ಒಂದು ಮೈಕ್ರೋಸ್ಕೋಪ್ ಹಂಚಿಕೊಳ್ಳುತ್ತಿದ್ದರು. ಒಳ್ಳೆಯ ಉಪಕರಣಗಳು ಪಿಎಚ್‌ಡಿ ಮಾಡುವವರ ಲ್ಯಾಬಿನಲ್ಲಿ ಬೀಗ ಹಾಕಿಕೊಂಡಿರುತ್ತಿದ್ದವು. ಹೆಸರಿಲ್ಲದ ಕಡೆ ಉಪಕರಣ ಹಳೆಯದು, ಆದರೆ ಒಬ್ಬೊಬ್ಬರಿಗೆ ಒಂದೊಂದು. ಸಂಜೆ ಲ್ಯಾಬ್ ಮುಚ್ಚುವವರೆಗೂ ಕೂತು ನೋಡುವವರಿದ್ದರು. ಎಲ್ಲ ಕಡೆಯೂ ಹೀಗೇ ಎಂದು ನಾನು ಹೇಳುತ್ತಿಲ್ಲ. ದೊಡ್ಡ ಕಡೆಯಲ್ಲೂ ಪದವಿಯವರನ್ನು ಚೆನ್ನಾಗಿ ನೋಡಿಕೊಳ್ಳುವ ವಿಭಾಗಗಳಿವೆ. ನೀನು ಕೇಳಿ ತಿಳಿದುಕೊಳ್ಳಬೇಕಾದದ್ದು ಇದನ್ನೇ. ಪಟ್ಟಿ ಇಡೀ ಯೂನಿವರ್ಸಿಟಿಗೆ ಒಂದು ಅಂಕಿ ಕೊಡುತ್ತದೆ, ನೀನು ಮೂರ್ನಾಲ್ಕು ವರ್ಷ ಕಳೆಯುವುದು ಒಂದು ವಿಭಾಗದಲ್ಲಿ.

ಇನ್ನು ಹೆಸರಿನಿಂದ ಲಾಭವೇ ಇಲ್ಲವೇ? ಇದೆ. ಮೂರನೇಬೆಂಚು ಅವರು ಹೇಳಿದ್ದು ನಿಜ, ಅದನ್ನು ತಳ್ಳಿಹಾಕಬೇಡ. ಈ ಬಗ್ಗೆ ಗಂಭೀರವಾದ ಅಧ್ಯಯನಗಳಿವೆ. ಸ್ಟೇಸಿ ಡೇಲ್ ಮತ್ತು ಅಲನ್ ಕ್ರೂಗರ್ ಎಂಬ ಅರ್ಥಶಾಸ್ತ್ರಜ್ಞರು 1976ರಲ್ಲಿ ಕಾಲೇಜು ಸೇರಿದ ಅಮೆರಿಕದ ವಿದ್ಯಾರ್ಥಿಗಳ ಮುಂದಿನ ಸಂಪಾದನೆ ನೋಡಿ 2002ರಲ್ಲಿ ಪ್ರಕಟಿಸಿದರು. ಒಂದೇ ಮಟ್ಟದ ಕಾಲೇಜುಗಳಿಗೆ ಅರ್ಜಿ ಹಾಕಿ, ಒಂದೇ ರೀತಿ ಸೀಟು ಪಡೆದವರನ್ನು ಪರಸ್ಪರ ಹೋಲಿಸಿದರು. ಹೆಚ್ಚು ಬೇಡಿಕೆಯ ಕಾಲೇಜಿಗೆ ಹೋದವರಿಗೂ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋದವರಿಗೂ ಸಂಪಾದನೆಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ ಬಡ ಮನೆಗಳಿಂದ ಬಂದವರಿಗೆ ಅಂಥ ಕಾಲೇಜಿನಿಂದ ಪ್ರಯೋಜನ ಕಂಡಿತು. 2023ರಲ್ಲಿ ರಾಜ್ ಚೆಟ್ಟಿ, ಡೇವಿಡ್ ಡೆಮಿಂಗ್, ಜಾನ್ ಫ್ರೀಡ್‌ಮನ್ ಮಾಡಿದ ಅಧ್ಯಯನದಲ್ಲಿ, ಅತ್ಯಂತ ಪ್ರತಿಷ್ಠಿತ ಹನ್ನೆರಡು ಕಾಲೇಜುಗಳಲ್ಲಿ ಓದಿದ್ದರಿಂದ ಸರಾಸರಿ ಸಂಪಾದನೆ ಹೆಚ್ಚೇನೂ ಏರದಿದ್ದರೂ, ಹೆಸರಾಂತ ಸಂಸ್ಥೆಗಳಲ್ಲಿ ಕೆಲಸ ಸಿಗುವ ಸಾಧ್ಯತೆ ಸುಮಾರು ಮೂರು ಪಟ್ಟು ಹೆಚ್ಚಿತು ಎಂದು ಕಂಡುಬಂತು. ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ತೋಚುವುದು ಇಷ್ಟು: ತನಗೆ ಬೇರೆ ಪರಿಚಯಗಳಿಲ್ಲದವರಿಗೆ, ಮತ್ತು ಹೆಸರು ನೋಡಿಯೇ ಒಳಗೆ ಬಿಡುವ ಕೆಲವು ಉದ್ಯೋಗಗಳಿಗೆ ಹೋಗಬಯಸುವವರಿಗೆ, ಹೆಸರು ನಿಜವಾಗಿ ಕೆಲಸಕ್ಕೆ ಬರುತ್ತದೆ. ನೀನು ಗಣಿ, ಅಂತರ್ಜಲ, ಭೂಕುಸಿತ ಅಧ್ಯಯನ ಇಂಥ ಕಡೆ ಹೋಗುವವಳಾದರೆ ಸಂದರ್ಶನ ಮಾಡುವವರು ನಮ್ಮ ವಿಷಯದವರೇ. ಯಾವ ವಿಭಾಗದ ಹುಡುಗರು ನಕ್ಷೆ ಮಾಡಬಲ್ಲರು ಎಂದು ಅವರಿಗೆ ಗೊತ್ತಿರುತ್ತದೆ.

ಅಪ್ಪನ ಹತ್ತಿರ ಪಟ್ಟಿಯ ಮೇಲೆ ಮಾತ್ರ ವಾದ ಮಾಡುತ್ತಾ ಕೂರಬೇಡ. ಒಂದು ಪ್ರಶ್ನೆ ಕೇಳು: "ಅಪ್ಪಾ, ನಾನು ಚಿಕ್ಕ ಕಡೆ ಹೋದರೆ ಏನಾಗಬಹುದು ಅಂತ ನಿಮಗೆ ಭಯ?" ಕೇಳಿ ಸುಮ್ಮನಿರು. ಜಿಯಾಲಜಿ ಸೇರಲು ನಿನ್ನ ಜೊತೆ ನಿಂತ ಮನುಷ್ಯ ಬರೀ ನಾಲ್ಕು ಜನರ ಮುಂದೆ ಹೇಳಿಕೊಳ್ಳುವುದಕ್ಕಾಗಿ ಹಟ ಹಿಡಿದಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ. ಕೆಲಸ ಸಿಗದಿದ್ದರೆ, ಎಂ.ಎಸ್ಸಿಗೆ ಸೀಟು ಸಿಗದಿದ್ದರೆ, ಮಗಳು ಕೈಗೆ ಬಂದದ್ದನ್ನು ಬಿಟ್ಟೆ ಎಂದು ಮುಂದೆ ಕೊರಗಿದರೆ ಎಂಬ ಚಿಂತೆ ಇರಬಹುದು. ಅದು ಹೊರಗೆ ಬಂದರೆ ಒಂದೊಂದಕ್ಕೂ ಉತ್ತರ ಹುಡುಕಬಹುದು.

ಆಮೇಲೆ ಎರಡೂ ವಿಭಾಗಗಳಿಗೆ ಪತ್ರ ಬರೆ. ಮೊದಲ ಎರಡು ವರ್ಷ ಪಾಠ ಮಾಡುವವರು ಯಾರು, ಮೈಕ್ರೋಸ್ಕೋಪ್ ತರಗತಿಯಲ್ಲಿ ಎಷ್ಟು ಜನ, ಫೀಲ್ಡ್ ಮ್ಯಾಪಿಂಗ್ ಎಲ್ಲರಿಗೂ ಕಡ್ಡಾಯವೇ, ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ ಎಂದು ಕೇಳು. ಈಗ ಅಲ್ಲಿ ಓದುತ್ತಿರುವ ಇಬ್ಬರ ಜೊತೆ ಮಾತಾಡಿಸಿ ಎಂದೂ ಕೇಳು. ಬಂದ ಉತ್ತರ ಅಪ್ಪನಿಗೂ ಓದಲು ಕೊಡು.

ಇಬ್ಬರುಮಕ್ಕಳತಂದೆ:

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ತಂದೆಯಾಗಿ ಒಂದು ಮಾತು ಸೇರಿಸುತ್ತೇನೆ.

ನನ್ನ ದೊಡ್ಡ ಮಗನ ವಿಷಯದಲ್ಲಿ ನಾನೂ ದೊಡ್ಡ ಹೆಸರಿಗೇ ಪಟ್ಟು ಹಿಡಿದಿದ್ದೆ. ತೋರಿಕೆಗಲ್ಲ. ಮಗನ ವಿಷಯ ನನಗೆ ಗೊತ್ತಿಲ್ಲ, ಅವನ ಪಠ್ಯಪುಸ್ತಕ ತೆರೆದರೆ ಒಂದು ಪುಟವೂ ಅರ್ಥವಾಗುವುದಿಲ್ಲ. ಯಾವ ವಿಭಾಗ ಒಳ್ಳೆಯದು ಎಂದು ನಾನು ಹೇಗೆ ತೂಗಲಿ? ನನಗೆ ತೂಗಲು ಬರುತ್ತಿದ್ದದ್ದು ಹೆಸರೊಂದೇ. ಬೇರೆ ಅಳತೆ ಕೈಗೆ ಸಿಕ್ಕಿದ್ದರೆ ಅದನ್ನೂ ನೋಡುತ್ತಿದ್ದೆ. ಮಗ ಹೆಸರಿನ ಕಡೆಯೇ ಹೋದ, ಚೆನ್ನಾಗಿಯೇ ಇದ್ದಾನೆ. ಮಗಳು ತನ್ನ ಆಯ್ಕೆಯ ಬಗ್ಗೆ ಎದುರಿಗೆ ಕೂರಿಸಿಕೊಂಡು ಒಂದೊಂದಾಗಿ ತೋರಿಸಿದಳು, ಅವಳು ಕೇಳಿದ ಕಡೆಗೇ ಕಳಿಸಿದೆ. ಆದ್ದರಿಂದ ತಂಗಿ, ಅಪ್ಪನ ಕೈಗೆ ಕಾಗದ ಕೊಡಮ್ಮ. ಬರೀ "ನನಗೆ ಇಷ್ಟ" ಅಂದರೆ ನಮ್ಮಂಥವರಿಗೆ ಧೈರ್ಯ ಬರುವುದಿಲ್ಲ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. ಚಿಕ್ಕ ವಿಭಾಗ ಇಬ್ಬರು ಮೂವರು ಒಳ್ಳೆಯ ಮೇಷ್ಟ್ರ ಮೇಲೆ ನಿಂತಿರುತ್ತದೆ. ಅವರು ನಿವೃತ್ತರಾದರೆ, ಬೇರೆ ಕಡೆ ಹೋದರೆ, ನೀವು ನೋಡಿ ಸೇರಿದ ವಿಭಾಗ ನೀವು ಓದು ಮುಗಿಸುವಾಗ ಇರುವುದಿಲ್ಲ. ಕಾಯಂ ಅಧ್ಯಾಪಕರು ಎಷ್ಟು ಜನ, ಮುಂದಿನ ಮೂರು ವರ್ಷದಲ್ಲಿ ನಿವೃತ್ತರಾಗುವವರು ಯಾರು ಎಂದು ಕೇಳಿ. ಸಂಕೋಚ ಬೇಡ.

ಮೂರನೇಬೆಂಚು:

@ಕಲ್ಲುಸುತ್ತಿಗೆ ಮೇಡಂ, ಒಂದು ಸಂದೇಹ. ಜೊತೆಯಲ್ಲಿ ಓದುವವರು ಚುರುಕಾಗಿದ್ದರೆ ನಾವೂ ಚುರುಕಾಗುತ್ತೇವಲ್ಲವೇ? ನನಗಂತೂ ಹಾಸ್ಟೆಲಿನಲ್ಲಿ ಗೆಳೆಯರಿಂದ ಕಲಿತದ್ದೇ ಜಾಸ್ತಿ.

ಕಲ್ಲುಸುತ್ತಿಗೆ:

ಖಂಡಿತ, ಅದು ದೊಡ್ಡ ಲಾಭವೇ. ಆದರೆ ಎಲ್ಲರ ಮೇಲೂ ಒಂದೇ ಥರ ಕೆಲಸ ಮಾಡುವುದಿಲ್ಲ. ಹರ್ಬರ್ಟ್ ಮಾರ್ಷ್ ಎಂಬ ಮನಃಶಾಸ್ತ್ರಜ್ಞ 1980ರ ದಶಕದಿಂದ ಇದನ್ನು ಅಧ್ಯಯನ ಮಾಡಿದವರು. ಸಮಾನ ಸಾಮರ್ಥ್ಯದ ಇಬ್ಬರಲ್ಲಿ, ಬಹಳ ಬುದ್ಧಿವಂತರೇ ತುಂಬಿರುವ ಶಾಲೆಗೆ ಹೋದವರಿಗೆ ತಮ್ಮ ಓದಿನ ಮೇಲೆ ತಮಗಿರುವ ವಿಶ್ವಾಸ ಕಡಿಮೆಯಾಗುವ ಕಡೆಗೆ ವಾಲುತ್ತದೆ ಎಂದು ಅವರು ತೋರಿಸಿದರು. ನಿಮ್ಮಂತೆ ಅದರಿಂದಲೇ ಮೇಲೇಳುವವರನ್ನೂ ನೋಡಿದ್ದೇನೆ, ತರಗತಿಯಲ್ಲಿ ಪ್ರಶ್ನೆ ಕೇಳುವುದನ್ನೇ ನಿಲ್ಲಿಸಿದವರನ್ನೂ ನೋಡಿದ್ದೇನೆ. ತಾನು ಯಾವ ಸ್ವಭಾವದವಳು ಎಂದು ನೀಲಿಶಾಯಿಗೇ ಗೊತ್ತಿರಬೇಕು.

ವಿಷಯ ಬದಲಾಯಿಸುವ ಬಗ್ಗೆ ನೀವು ಮೊದಲು ಹೇಳಿದ್ದು ಬಹಳ ಮುಖ್ಯ. ನೀಲಿಶಾಯಿ, ನಿನಗೆ ಜಿಯಾಲಜಿ ಬೇಕೋ ಅಥವಾ ವಿಜ್ಞಾನದಲ್ಲಿ ಏನಾದರೂ ಒಂದು ಬೇಕೋ? ಎರಡನೆಯದಾದರೆ ಯೋಚನೆಯೇ ಬೇಡ, ಅಪ್ಪ ಹೇಳಿದ ಕಡೆ ಹೋಗು.

ನೀಲಿಶಾಯಿ:

ಎಲ್ಲರಿಗೂ ತುಂಬಾ ಧನ್ಯವಾದ. ಇಷ್ಟೆಲ್ಲ ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಜಿಯಾಲಜಿಯೇ ಬೇಕು ಮೇಡಂ. ಅದರಲ್ಲಿ ಅನುಮಾನವಿಲ್ಲ.

ಅಪ್ಪನನ್ನು ನೀವು ಹೇಳಿದ ಪ್ರಶ್ನೆ ಕೇಳಿದೆ. ಮೊದಲು "ಭಯ ಏನಿಲ್ಲ" ಅಂದರು. ಸ್ವಲ್ಪ ಹೊತ್ತು ಬಿಟ್ಟು ತಾವೇ ಶುರು ಮಾಡಿದರು. ಅವರು ಕೆಲಸ ಮಾಡುವ ಕಡೆ ಬಡ್ತಿ ಕೊಡುವಾಗ ಎರಡು ಸಲ ಇವರನ್ನು ಬಿಟ್ಟು ದೊಡ್ಡ ಕಾಲೇಜಿನಲ್ಲಿ ಓದಿದವರನ್ನು ತೆಗೆದುಕೊಂಡರಂತೆ. "ನನ್ನ ಕೆಲಸ ನೋಡಲೇ ಇಲ್ಲ, ಸರ್ಟಿಫಿಕೇಟಿನ ತಲೆಬರಹ ನೋಡಿದರು" ಅಂದರು. ನನಗೆ ಇದು ಗೊತ್ತೇ ಇರಲಿಲ್ಲ. ಅಮ್ಮನಿಗೆ ಮಾತ್ರ ಗೊತ್ತಿತ್ತಂತೆ.

ಪತ್ರ ಎರಡೂ ಕಡೆ ಬರೆದೆ. ದೊಡ್ಡ ಯೂನಿವರ್ಸಿಟಿಯಿಂದ ಆಫೀಸಿನವರು ಉತ್ತರಿಸಿದ್ದಾರೆ. ಮ್ಯಾಪಿಂಗ್ ಐಚ್ಛಿಕ, ಸೀಟು ಮಿತ, ಅಂಕದ ಮೇಲೆ ಆಯ್ಕೆ. ಲ್ಯಾಬಿನ ಪ್ರಶ್ನೆಗೆ ಉತ್ತರವಿಲ್ಲ, ವೆಬ್‌ಸೈಟ್ ನೋಡಿ ಅಂದಿದ್ದಾರೆ. ಚಿಕ್ಕ ಕಡೆಯಿಂದ ವಿಭಾಗದ ಮುಖ್ಯಸ್ಥರೇ ಬರೆದಿದ್ದಾರೆ. ಒಬ್ಬರಿಗೊಂದು ಮೈಕ್ರೋಸ್ಕೋಪ್, ಮ್ಯಾಪಿಂಗ್ ಕಡ್ಡಾಯ, ಕಾಯಂ ಅಧ್ಯಾಪಕರು ಏಳು ಜನ, ಒಬ್ಬರು ಮುಂದಿನ ವರ್ಷ ನಿವೃತ್ತರಾಗುತ್ತಾರೆ, ಆ ಜಾಗಕ್ಕೆ ಅರ್ಜಿ ಕರೆದಿದ್ದಾರಂತೆ. ನಿಮ್ಮ ತಂದೆಯವರು ಬೇಕಾದರೆ ಫೋನ್ ಮಾಡಲಿ ಎಂದು ನಂಬರನ್ನೂ ಕೊಟ್ಟಿದ್ದಾರೆ. ಅಪ್ಪ ಆ ಪತ್ರವನ್ನು ಎರಡು ಸಲ ಓದಿದರು. ಇನ್ನೂ ಒಪ್ಪಿಲ್ಲ, ಆದರೆ ನಾಳೆ ಫೋನ್ ಮಾಡುತ್ತೇನೆ ಅಂದಿದ್ದಾರೆ. ಈಗ ಅವರ ಪ್ರಶ್ನೆ ಒಂದಕ್ಕೆ ಬಂದು ನಿಂತಿದೆ: ಹೆಸರಿಲ್ಲದ ಕಡೆ ಪದವಿ ಮಾಡಿದರೆ ಮುಂದೆ ಹೆಸರಿರುವ ಕಡೆ ಎಂ.ಎಸ್ಸಿಗೆ ತೆಗೆದುಕೊಳ್ಳುತ್ತಾರಾ?

ಕಲ್ಲುಸುತ್ತಿಗೆ:

ಅಪ್ಪನಿಗೆ ಆದದ್ದು ಓದಿ ಬೇಸರವಾಯಿತು. ಅವರ ಹಟ ಎಲ್ಲಿಂದ ಬಂತೆಂದು ಈಗ ಅರ್ಥವಾಗುತ್ತದೆ. ಅದು ನಿಜವಾಗಿ ನಡೆದದ್ದು, ಹಾಗೆಲ್ಲ ಆಗುವುದಿಲ್ಲ ಬಿಡಿ ಎಂದು ಅವರಿಗೆ ಹೇಳಬೇಡ.

ಎಂ.ಎಸ್ಸಿ ಪ್ರಶ್ನೆಗೆ: ತೆಗೆದುಕೊಳ್ಳುತ್ತಾರೆ. ಅರ್ಜಿಗಳನ್ನು ನೋಡುವ ಸಮಿತಿಯಲ್ಲಿ ನಾನು ಕೂತಿದ್ದೇನೆ, ಅಲ್ಲಿ ನಡೆಯುವುದನ್ನು ಹೇಳುತ್ತೇನೆ. ಪ್ರವೇಶ ಪರೀಕ್ಷೆ ಇರುವ ಕಡೆ ಅದರ ಅಂಕವೇ ಮೊದಲು, ಯಾವ ಯೂನಿವರ್ಸಿಟಿಯಿಂದ ಬಂದೆ ಎನ್ನುವುದು ಆಮೇಲೆ. ಪರೀಕ್ಷೆ ಇಲ್ಲದ ಕಡೆ ಹೆಸರಿಗೆ ಸ್ವಲ್ಪ ತೂಕ ಇದ್ದೇ ಇದೆ. ಅಲ್ಲಿ ಅದಕ್ಕೆ ಎದುರು ನಿಲ್ಲುವುದು ಶಿಫಾರಸು ಪತ್ರ ಮತ್ತು ನೀನು ಮಾಡಿದ ಕೆಲಸ. ದೊಡ್ಡ ತರಗತಿಯ ಪ್ರಾಧ್ಯಾಪಕರು ಬರೆಯುವ ಪತ್ರ ಬಹಳ ಸಲ "ಈಕೆ ನನ್ನ ತರಗತಿಯಲ್ಲಿ ಇಷ್ಟು ಅಂಕ ಪಡೆದಿದ್ದಾಳೆ" ಎನ್ನುವಲ್ಲಿಗೆ ಮುಗಿಯುತ್ತದೆ. ಅಂಕಪಟ್ಟಿ ನಮ್ಮ ಮುಂದೆಯೇ ಇರುತ್ತದೆ, ಆ ಪತ್ರದಿಂದ ಹೊಸದೇನೂ ತಿಳಿಯುವುದಿಲ್ಲ. ಫೀಲ್ಡಿನಲ್ಲಿ ಜೊತೆಗಿದ್ದವರು ಬರೆದದ್ದು ಬೇರೆ ಥರ ಇರುತ್ತದೆ. ಒಬ್ಬ ಹುಡುಗಿಯ ಬಗ್ಗೆ ಬಂದ ಪತ್ರ ನನಗೆ ಇವತ್ತಿಗೂ ನೆನಪಿದೆ. ಪದರಗಳ ದಿಕ್ಕು ಮತ್ತು ವಾಲಿಕೆಯ ಅಳತೆಗಳು ಒಂದು ಜಾಗದಲ್ಲಿ ಹೊಂದುತ್ತಿಲ್ಲವೆಂದು ಅವಳು ಮಳೆಯಲ್ಲೇ ವಾಪಸ್ ಹೋಗಿ ಮತ್ತೆ ಅಳೆದು, ಎಲ್ಲರೂ ಬಿಟ್ಟಿದ್ದ ಒಂದು ಸ್ತರಭಂಗವನ್ನು (ಕಲ್ಲಿನ ಪದರಗಳು ಮುರಿದು ಸರಿದ ಜಾಗವನ್ನು) ನಕ್ಷೆಯಲ್ಲಿ ಗುರುತಿಸಿದಳು ಎಂದು ಮೇಷ್ಟ್ರು ಬರೆದಿದ್ದರು. ಅವಳ ಯೂನಿವರ್ಸಿಟಿಯ ಹೆಸರನ್ನು ಸಮಿತಿಯಲ್ಲಿ ಹೆಚ್ಚಿನವರು ಕೇಳಿರಲಿಲ್ಲ. ಅವಳ ಅರ್ಜಿಯ ಬಗ್ಗೆ ಯಾರೂ ತಕರಾರು ಎತ್ತಲಿಲ್ಲ.

ಹಾಗಾಗಿ ಅಪ್ಪ ಫೋನ್ ಮಾಡಿದಾಗ ಮುಖ್ಯಸ್ಥರನ್ನು ಎರಡು ವಿಷಯ ಕೇಳಲಿ. ಕಳೆದ ಮೂರು ಬ್ಯಾಚುಗಳಲ್ಲಿ ಎಂ.ಎಸ್ಸಿಗೆ ಹೋದವರು ಯಾವ ಯಾವ ಯೂನಿವರ್ಸಿಟಿ ಸೇರಿದರು? ಅವರಲ್ಲಿ ಒಬ್ಬರ ಜೊತೆ ಮಾತಾಡಬಹುದೇ? ನಿಜವಾಗಿಯೂ ಒಳ್ಳೆಯ ವಿಭಾಗವಾದರೆ ಇವು ನಾಲಿಗೆಯ ತುದಿಯಲ್ಲಿರುತ್ತವೆ. ತಡವರಿಸಿದರೆ ಅಪ್ಪನ ಮಾತಿಗೆ ಇನ್ನಷ್ಟು ಬೆಲೆ ಕೊಡು, ಅದನ್ನೂ ಅಷ್ಟೇ ಪ್ರಾಮಾಣಿಕವಾಗಿ ಹೇಳುತ್ತಿದ್ದೇನೆ. ಫೋನನ್ನು ಅಪ್ಪನೇ ಮಾಡಲಿ. ನೀನು ಪಕ್ಕದಲ್ಲಿರು, ಮಧ್ಯೆ ಬಾಯಿ ಹಾಕಬೇಡ.

ಅಷ್ಟರೊಳಗೆ ದೊಡ್ಡ ಕಡೆಗೂ ಇನ್ನೊಂದು ಪತ್ರ ಹಾಕು. ಆಫೀಸಿಗೆ ಬೇಡ, ವಿಭಾಗದ ವೆಬ್‌ಸೈಟಿನಲ್ಲಿ ಖನಿಜಶಾಸ್ತ್ರ ಕಲಿಸುವವರ ಹೆಸರು ನೋಡಿ ಅವರಿಗೇ ನೇರವಾಗಿ ಬರೆ. ಆಫೀಸಿನವರ ಉತ್ತರದಿಂದ ಆ ವಿಭಾಗವನ್ನು ಅಳೆಯುವುದು ನ್ಯಾಯವಲ್ಲ. ಮ್ಯಾಪಿಂಗ್‌ಗೆ ಎಷ್ಟು ಜನ ಅರ್ಜಿ ಹಾಕುತ್ತಾರೆ, ಎಷ್ಟು ಜನರಿಗೆ ಸಿಗುತ್ತದೆ ಎಂದು ಕೇಳು.